ಪಾಸ್‌ಪೋರ್ಟ್‌ನಲ್ಲಿ ಎರಡು ಸಾಲು, ಫಾರ್ಮ್‌ನಲ್ಲಿ ಮೂರು ಖಾನೆ: ಉದ್ದ ಹೆಸರನ್ನು ವಲಸೆ ಅರ್ಜಿಯಲ್ಲಿ ತುಂಬುವ ಬಗೆ

ಚಿಕ್ಕಬಳ್ಳಾಪುರ, ಕೋಲಾರದ ಕಡೆ ಮಗುವಿಗೆ ಹೆಸರಿಡುವಾಗ ಯಾರನ್ನೂ ಬಿಡುವ ಹಾಗಿಲ್ಲ. ಮನೆದೇವರ ಹೆಸರು ಬರಬೇಕು, ಅಜ್ಜಿಯ ಹೆಸರು ಬರಬೇಕು, ಸೋದರತ್ತೆ ಆಸೆಪಟ್ಟ ಹೊಸ ಹೆಸರೂ ಇರಬೇಕು. ಕೊನೆಗೆ ‘ಚೈತ್ರ ಸಾಯಿ ಲಕ್ಷ್ಮಿ’ ಅಂತ ಆಗುತ್ತದೆ, ಹಿಂದೆ ಅಪ್ಪನ ಹೆಸರು ‘ನಾರಾಯಣಸ್ವಾಮಿ’ ಸೇರಿಕೊಳ್ಳುತ್ತದೆ. ಇದು ಈ ಲೇಖನಕ್ಕೆ ಅಂತ ನಾನೇ ಕಟ್ಟಿಕೊಂಡ ಹೆಸರು. ಆದರೆ ಇಂಥ ಹೆಸರು ಶಿಡ್ಲಘಟ್ಟ, ಚಿಂತಾಮಣಿಯ ಯಾವ ಬೀದಿಯಲ್ಲಾದರೂ ಸಿಗುತ್ತದೆ. ಶಾಲೆಯ ಹಾಜರಿಯಲ್ಲಿ ಅವಳು ‘ಚೈತ್ರ ಎನ್.’, ಆಧಾರ್‌ನಲ್ಲಿ ‘ಚೈತ್ರ ಸಾಯಿ ಲಕ್ಷ್ಮಿ ಎನ್.’, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಇನ್ನೊಂದು ಥರ. ಊರಲ್ಲಿರುವ ತನಕ ಎಲ್ಲ ಕಡೆ ಕೆಲಸ ನಡೆದುಹೋಗುತ್ತದೆ.

ವೀಸಾ ಅಥವಾ ಗ್ರೀನ್ ಕಾರ್ಡ್ ಅರ್ಜಿ ತೆರೆದ ಕೂಡಲೇ ಕೈ ನಿಲ್ಲುತ್ತದೆ. ಒಂದು ಫಾರ್ಮ್‌ನಲ್ಲಿ ಹೆಸರಿಗೆ ಎರಡೇ ಖಾನೆ, ಇನ್ನೊಂದರಲ್ಲಿ ಮೂರು. ಸಾಯಿ ಎಲ್ಲಿ ಹೋಗಬೇಕು? ಲಕ್ಷ್ಮಿ ಎಲ್ಲಿ ಹೋಗಬೇಕು? ಎರಡು ಮಿಡಲ್ ನೇಮ್ ಹಾಕಬಹುದಾ, ಒಂದನ್ನು ಬಿಟ್ಟರೆ ನಡೆಯುತ್ತಾ? ಈ ಪ್ರಶ್ನೆಗಳಿಗೆ ಉತ್ತರ ಕಷ್ಟದ್ದಲ್ಲ. ಆದರೆ ಅರ್ಜಿ ತುಂಬುವುದಕ್ಕೆ ಮೊದಲೇ ಗೊತ್ತಿರಬೇಕು. ಒಂದು ಕಡೆ ಒಂದು ಥರ, ಇನ್ನೊಂದು ಕಡೆ ಇನ್ನೊಂದು ಥರ ಹೋದ ಹೆಸರನ್ನು ಆಮೇಲೆ ಸರಿಮಾಡಿಸಲು ದುಡ್ಡು, ಸಮಯ ಎರಡೂ ಹೋಗುತ್ತವೆ.

ಮೊದಲು ಪಾಸ್‌ಪೋರ್ಟ್ ಎದುರಿಗೆ ಇಟ್ಟುಕೊಳ್ಳಿ

ಮಾರ್ಕ್ಸ್ ಕಾರ್ಡ್ ಪಕ್ಕಕ್ಕಿಡಿ, ಆಧಾರ್ ಪಕ್ಕಕ್ಕಿಡಿ. ಬೇರೆ ದೇಶದವರು ಮೊದಲು ನೋಡುವುದು ಪಾಸ್‌ಪೋರ್ಟನ್ನೇ. ಭಾರತದ ಪಾಸ್‌ಪೋರ್ಟ್‌ನಲ್ಲಿ ಹೆಸರಿಗೆ ಎರಡು ಸಾಲು ಇವೆ. ಒಂದು ಸರ್‌ನೇಮ್, ಇನ್ನೊಂದು ಗಿವನ್ ನೇಮ್. ಮಿಡಲ್ ನೇಮ್ ಅಂತ ಬೇರೆ ಸಾಲೇ ಇಲ್ಲ. ಪಾಸ್‌ಪೋರ್ಟ್ ಅರ್ಜಿಯಲ್ಲೇ ಇದನ್ನು ಹೇಳಿರುತ್ತಾರೆ: ಗಿವನ್ ನೇಮ್ ಎಂದರೆ ಮೊದಲ ಹೆಸರು, ಅದರ ಹಿಂದೆ ಮಿಡಲ್ ನೇಮ್ ಇದ್ದರೆ ಅದೂ ಸೇರಿ. ಅಂದರೆ ನಮ್ಮ ಹುಡುಗಿಗೆ ಗಿವನ್ ನೇಮ್ ಸಾಲಿನಲ್ಲಿ ‘ಚೈತ್ರ ಸಾಯಿ ಲಕ್ಷ್ಮಿ’, ಸರ್‌ನೇಮ್ ಸಾಲಿನಲ್ಲಿ ‘ನಾರಾಯಣಸ್ವಾಮಿ’.

ಈಗ ಅದೇ ಪುಟದ ಕೆಳಗೆ ನೋಡಿ. ‘<’ ಗುರುತು ತುಂಬಿದ ಎರಡು ಸಾಲು ಕಾಣುತ್ತದೆ. ವಿಮಾನ ನಿಲ್ದಾಣದ ಯಂತ್ರ ಓದುವುದು ಇದನ್ನೇ. ಅಲ್ಲಿ ಮೊದಲ ಸಾಲಿನಲ್ಲಿ ದೇಶದ ಗುರುತಾದ ಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ ಹೀಗಿರುತ್ತದೆ:

ನಾರಾಯಣಸ್ವಾಮಿ<<ಚೈತ್ರ<ಸಾಯಿ<ಲಕ್ಷ್ಮಿ<<<<<

ಎರಡು ಗುರುತು ಜೊತೆಗೆ ಬಂದಲ್ಲಿ ಸರ್‌ನೇಮ್ ಮುಗಿಯಿತು ಅಂತ ಅರ್ಥ. ಒಂದೇ ಗುರುತು ಇದ್ದರೆ ಅದು ಎರಡು ಪದಗಳ ನಡುವಿನ ಜಾಗ. ನಿಮ್ಮ ಹೆಸರನ್ನು ಯಂತ್ರ ಹೇಗೆ ಒಡೆದು ಓದುತ್ತದೆ ಎಂದು ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಇಡೀ ಸಾಲಿಗೆ 44 ಜಾಗ, ಅದರಲ್ಲಿ ಹೆಸರಿಗೆ ಸಿಗುವುದು 39. ಇಂಗ್ಲಿಷ್ ಅಕ್ಷರ ಎಣಿಸಿದರೆ ನಾರಾಯಣಸ್ವಾಮಿಗೆ 13, ಗುರುತು 2, ಚೈತ್ರಕ್ಕೆ 7, ಗುರುತು 1, ಸಾಯಿಗೆ 3, ಗುರುತು 1, ಲಕ್ಷ್ಮಿಗೆ 7. ಒಟ್ಟು 34. ಆರಾಮಾಗಿ ಹಿಡಿಸಿತು. ಅದೇ ಹೆಸರಿಗೆ ನಡುವೆ ‘ವೆಂಕಟ’ ಸೇರಿದ್ದರೆ 42 ಆಗುತ್ತಿತ್ತು. ಆಗ ಕೊನೆಯ ಅಕ್ಷರಗಳು ಆ ಸಾಲಿನಲ್ಲಿ ಕತ್ತರಿಸಿ ಹೋಗುತ್ತವೆ. ಹಾಗಾದರೆ ಗಾಬರಿ ಬೇಡ. ಅರ್ಜಿಯಲ್ಲಿ ಬರೆಯಬೇಕಾದ್ದು ಮೇಲೆ ಅಚ್ಚಾಗಿರುವ ಪೂರ್ತಿ ಹೆಸರು. ಕೆಳಗಿನ ಕತ್ತರಿಸಿದ ಸಾಲನ್ನು ನೋಡಿ ನಕಲು ಮಾಡಬೇಡಿ.

ಕಾಗುಣಿತವನ್ನೂ ಇದೇ ಪುಟದಿಂದ ಎತ್ತಿಕೊಳ್ಳಿ. ಲಕ್ಷ್ಮಿಯಲ್ಲಿ ‘ಎಕ್ಸ್’ ಇದೆಯೋ, ‘ಕೆ ಎಸ್ ಎಚ್’ ಇದೆಯೋ? ಗೌಡದಲ್ಲಿ ‘ಡಬ್ಲ್ಯೂ’ ಇದೆಯೋ ‘ಯು’ ಇದೆಯೋ? ಮಂಜುನಾಥದ ಕೊನೆಯಲ್ಲಿ ‘ಎ’ ಇದೆಯೋ ಇಲ್ಲವೋ? ನಿಮಗೆ ಇಷ್ಟವಾದ ಕಾಗುಣಿತ ಬೇರೆ ಇರಬಹುದು. ಅರ್ಜಿಯಲ್ಲಿ ಮಾತ್ರ ಪಾಸ್‌ಪೋರ್ಟ್‌ನಲ್ಲಿ ಇದ್ದ ಹಾಗೆಯೇ ಬರೆಯಿರಿ.

ಊರಿನ ಹೆಸರಿಗೂ ಇದೇ ಮಾತು. ಚಿಕ್ಕಬಳ್ಳಾಪುರ ಜಿಲ್ಲೆ ಆದದ್ದು 2007ರಲ್ಲಿ. ಅದಕ್ಕೆ ಮೊದಲು ಗೌರಿಬಿದನೂರಿನಲ್ಲಿ ಹುಟ್ಟಿದವರ ಜನನ ಪತ್ರದಲ್ಲಿ ಕೋಲಾರ ಜಿಲ್ಲೆ ಅಂತಲೇ ಇರುತ್ತದೆ. ತುಮಕೂರಿನ ಇಂಗ್ಲಿಷ್ ಕಾಗುಣಿತ ಅಧಿಕೃತವಾಗಿ ಬದಲಾದದ್ದು 2014ರ ನವೆಂಬರ್ 1ರಂದು, ಹಾಗಾಗಿ ಹಳೆಯ ಪಾಸ್‌ಪೋರ್ಟ್‌ಗಳಲ್ಲಿ ಹಳೆಯ ಕಾಗುಣಿತವೇ ಇದೆ. ಹುಟ್ಟಿದ ಊರು ಕೇಳಿದಲ್ಲಿ ಪಾಸ್‌ಪೋರ್ಟ್‌ನಲ್ಲಿ ಇರುವುದನ್ನೇ ಹಾಕಿ.

ಇನಿಷಿಯಲ್ ಬಿಡಿಸದೆ ಮುಂದೆ ಹೋಗಬೇಡಿ

ನಮ್ಮ ಹೆಸರುಗಳ ನಿಜವಾದ ತೊಡಕು ಇರುವುದು ಇನಿಷಿಯಲ್‌ಗಳಲ್ಲಿ. ಹೆಸರಿನ ಮುಂದೆಯೋ ಹಿಂದೆಯೋ ಒಂದೆರಡು ಅಕ್ಷರ ಇಟ್ಟುಕೊಂಡು ಬದುಕು ಕಳೆಯುತ್ತೇವೆ. ಆ ಅಕ್ಷರಗಳು ಏನು ಅಂತ ಕೆಲವು ಮನೆಗಳಲ್ಲಿ ಮಕ್ಕಳಿಗೇ ಗೊತ್ತಿರುವುದಿಲ್ಲ. ಒಂದು ಅಕ್ಷರ ಊರಿನದ್ದಾಗಿರಬಹುದು, ಒಂದು ಅಪ್ಪನದ್ದು. ಬಾಗೇಪಲ್ಲಿ, ಗುಡಿಬಂಡೆ, ಚಿಂತಾಮಣಿ ಕಡೆ ಮನೆಯಲ್ಲಿ ತೆಲುಗು ಮಾತಾಡುವವರಲ್ಲಿ ಅದು ಮನೆತನದ ಹೆಸರಾಗಿರುವುದೂ ಉಂಟು, ಮತ್ತು ಅದು ಎಲ್ಲಕ್ಕಿಂತ ಮುಂದೆ ಬರುತ್ತದೆ.

ನಮ್ಮದೇ ಜಿಲ್ಲೆಯ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಸರ್ ಎಂ. ವಿಶ್ವೇಶ್ವರಯ್ಯನವರನ್ನೇ ನೋಡಿ. ಆ ‘ಎಂ’ ಮುದ್ದೇನಹಳ್ಳಿ ಅಂತ ಎಷ್ಟೋ ಜನ ಅಂದುಕೊಂಡಿದ್ದಾರೆ. ಅಲ್ಲ. ಅದು ಮೋಕ್ಷಗುಂಡಂ. ಅವರ ಹಿರಿಯರು ಆಂಧ್ರದ ಆ ಊರಿನಿಂದ ಬಂದವರು, ಆ ಊರೇ ಮನೆತನದ ಹೆಸರಾಗಿ ಉಳಿಯಿತು. ಇವತ್ತಿನ ಫಾರ್ಮ್‌ನಲ್ಲಿ ಆ ಹೆಸರನ್ನು ತುಂಬಬೇಕಾದರೆ ಮೊದಲು ಬರುವ ಮೋಕ್ಷಗುಂಡಂ ಸರ್‌ನೇಮ್ ಖಾನೆಗೆ, ಆಮೇಲೆ ಬರುವ ವಿಶ್ವೇಶ್ವರಯ್ಯ ಗಿವನ್ ನೇಮ್ ಖಾನೆಗೆ ಹೋಗಬೇಕು. ಎಡದಿಂದ ಬಲಕ್ಕೆ ಓದಿ ಮೊದಲ ಪದ ಮೊದಲ ಹೆಸರು, ಕೊನೆಯ ಪದ ಸರ್‌ನೇಮ್ ಅಂತ ತುಂಬಿದರೆ ಪೂರಾ ತಿರುವುಮುರುವು ಆಗುತ್ತದೆ.

ಪಾಸ್‌ಪೋರ್ಟ್ ಅರ್ಜಿಯಲ್ಲಿ ಇನಿಷಿಯಲ್ ಬರೆಯುವ ಹಾಗಿಲ್ಲ, ಬಿಡಿಸಿಯೇ ಬರೆಯಬೇಕು. ಪ್ಯಾನ್ ಅರ್ಜಿಯಲ್ಲೂ ಮೊದಲ ಹೆಸರು, ಕೊನೆಯ ಹೆಸರಿನ ಜಾಗದಲ್ಲಿ ಇನಿಷಿಯಲ್ ನಡೆಯುವುದಿಲ್ಲ. ಇನ್ನೂ ಪಾಸ್‌ಪೋರ್ಟ್ ಮಾಡಿಸಿಲ್ಲದವರಿಗೆ ಇದೇ ಒಳ್ಳೆಯ ಅವಕಾಶ. ಮನೆಯಲ್ಲಿ ಅಪ್ಪ, ದೊಡ್ಡಪ್ಪನ ಜೊತೆ ಕೂತು ಒಂದೊಂದು ಅಕ್ಷರ ಏನೆಂದು ಕೇಳಿ ತಿಳಿದುಕೊಳ್ಳಿ. ಯಾವುದು ಸರ್‌ನೇಮ್ ಆಗಬೇಕು ಎಂದು ಆಗಲೇ ತೀರ್ಮಾನಿಸಿ. ಅಣ್ಣ ತಮ್ಮಂದಿರು ಬೇರೆ ಬೇರೆ ಸರ್‌ನೇಮ್ ಹಾಕಿಸಿಕೊಂಡರೆ ಅಪರಾಧವೇನಲ್ಲ, ಆದರೆ ಮುಂದೆ ಅಣ್ಣ ತಮ್ಮನಿಗೆ ಅರ್ಜಿ ಹಾಕುವಾಗ ಸಂಬಂಧ ತೋರಿಸಲು ಕಾಗದ ಜಾಸ್ತಿ ಬೇಕಾಗುತ್ತದೆ.

ಮಕ್ಕಳ ಜನನ ಪತ್ರದ ಬಗ್ಗೆಯೂ ಇಲ್ಲೇ ಒಂದು ಮಾತು. ಹೆಸರಿಲ್ಲದೆ ಜನನ ನೋಂದಣಿ ಆಗಿದ್ದರೆ 12 ತಿಂಗಳೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು. ಆಮೇಲೆ ತಡದ ಶುಲ್ಕ ಕಟ್ಟಿ 15 ವರ್ಷದವರೆಗೆ ಅವಕಾಶವಿದೆ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಹುಟ್ಟಿದ ದಿನ, ಜಾಗಕ್ಕೆ ಜನನ ಪತ್ರವೇ ಆಧಾರ. ಹಾಗಾಗಿ ಅದರಲ್ಲಿ ‘ಬೇಬಿ ಆಫ್’ ಅಂತ ಬಿಟ್ಟಿದ್ದರೆ ಇವತ್ತೇ ಹೋಗಿ ಪೂರ್ತಿ ಹೆಸರು ಬರೆಸಿ.

ಈಗಾಗಲೇ ಪಾಸ್‌ಪೋರ್ಟ್ ಇದೆ, ಆದರೆ ಹೆಸರು ತಪ್ಪು ಸಾಲಿನಲ್ಲಿದೆ ಅಥವಾ ಸರ್‌ನೇಮ್ ಖಾಲಿ ಇದೆ ಅನ್ನುವವರು ವೀಸಾ ಅರ್ಜಿಗೆ ಮುಂಚೆಯೇ ಪಾಸ್‌ಪೋರ್ಟ್ ಮರುವಿತರಣೆಗೆ ಹಾಕಿ. ಅದರಲ್ಲಿ ವೈಯಕ್ತಿಕ ವಿವರ ಬದಲಾವಣೆ ಎಂಬ ಆಯ್ಕೆ ಇದೆ. ಯಾವ ದಾಖಲೆ ಬೇಕು ಎಂದು ಪಾಸ್‌ಪೋರ್ಟ್ ಸೇವಾ ಜಾಲತಾಣದಲ್ಲೇ ನಿಮ್ಮ ಸಂದರ್ಭ ಆರಿಸಿ ನೋಡಬಹುದು. ಹೆಸರು ಸ್ವಲ್ಪ ಸರಿಮಾಡುವುದಕ್ಕೂ, ಪೂರ್ತಿ ಬದಲಾಯಿಸುವುದಕ್ಕೂ ಬೇರೆ ಬೇರೆ ದಾಖಲೆ ಕೇಳುತ್ತಾರೆ. ಪೂರ್ತಿ ಬದಲಾವಣೆಗೆ ಅಫಿಡವಿಟ್, ಪತ್ರಿಕೆ ಜಾಹೀರಾತು, ಗೆಜೆಟ್ ಎಂದೆಲ್ಲ ಹೋಗಬೇಕಾಗುತ್ತದೆ. ಓಡಾಟ ಇದೆ ನಿಜ. ಆದರೂ ವೀಸಾ ಆದಮೇಲೆ ಮಾಡಿಸುವುದಕ್ಕಿಂತ ಇದು ಎಷ್ಟೋ ಸುಲಭ, ಯಾಕೆಂದರೆ ಆಗ ಎರಡು ದೇಶದ ಕಾಗದಗಳನ್ನು ಒಟ್ಟಿಗೆ ಸರಿಮಾಡಬೇಕಾಗುತ್ತದೆ.

ಒಂದು ಹಾಳೆ ಮಾಡಿಕೊಳ್ಳಿ

ಯಾವ ಫಾರ್ಮನ್ನೂ ತೆರೆಯುವ ಮೊದಲು ಒಂದು ಬಿಳಿ ಹಾಳೆಯಲ್ಲಿ ನಿಮ್ಮ ಹೆಸರನ್ನು ಎರಡು ರೀತಿ ಬರೆದುಕೊಳ್ಳಿ. ಎರಡು ಖಾನೆ ಇದ್ದರೆ ಹೀಗೆ, ಮೂರು ಖಾನೆ ಇದ್ದರೆ ಹೀಗೆ ಅಂತ. ನಮ್ಮ ಉದಾಹರಣೆಗೆ:

ಎರಡು ಖಾನೆ: ಸರ್‌ನೇಮ್ – ನಾರಾಯಣಸ್ವಾಮಿ. ಗಿವನ್ ನೇಮ್ – ಚೈತ್ರ ಸಾಯಿ ಲಕ್ಷ್ಮಿ.

ಮೂರು ಖಾನೆ: ಸರ್‌ನೇಮ್ – ನಾರಾಯಣಸ್ವಾಮಿ. ಫಸ್ಟ್ ನೇಮ್ – ಚೈತ್ರ. ಮಿಡಲ್ ನೇಮ್ – ಸಾಯಿ ಲಕ್ಷ್ಮಿ.

ಗಂಡ, ಹೆಂಡತಿ, ಮಕ್ಕಳು, ಎರಡೂ ಕಡೆಯ ಅಪ್ಪ ಅಮ್ಮ, ಎಲ್ಲರ ಹೆಸರನ್ನೂ ಇದೇ ಹಾಳೆಯಲ್ಲಿ ಇಂಗ್ಲಿಷ್ ದೊಡ್ಡಕ್ಷರದಲ್ಲಿ ಬರೆದಿಡಿ. ಅರ್ಜಿಗಳು ಅಪ್ಪ ಅಮ್ಮನ ಸರ್‌ನೇಮ್, ಗಿವನ್ ನೇಮನ್ನೂ ಬೇರೆ ಬೇರೆ ಕೇಳುತ್ತವೆ. ಅವರ ಪಾಸ್‌ಪೋರ್ಟ್ ಇದ್ದರೆ ಅದರಂತೆ. ಇಲ್ಲದಿದ್ದರೆ ನಿಮ್ಮ ಪಾಸ್‌ಪೋರ್ಟ್‌ನ ಕೊನೆಯ ಪುಟದಲ್ಲಿ ಅವರ ಹೆಸರು ಹೇಗಿದೆಯೋ ಅದನ್ನು ಒಮ್ಮೆ ಒಡೆದು, ಎಲ್ಲ ಫಾರ್ಮ್‌ಗೂ ಅದನ್ನೇ ಬಳಸಿ.

ಸೈಬರ್ ಸೆಂಟರ್‌ನಲ್ಲೋ ಏಜೆಂಟ್ ಹತ್ತಿರವೋ ಅರ್ಜಿ ತುಂಬಿಸುವವರಿಗೆ ಈ ಹಾಳೆ ಇನ್ನೂ ಮುಖ್ಯ. ಟೈಪ್ ಮಾಡುವವರಿಗೆ ದಿನಕ್ಕೆ ಹತ್ತಾರು ಅರ್ಜಿ. ಉದ್ದ ಹೆಸರು ಕಂಡರೆ ‘ಸಾಯಿ ಲಕ್ಷ್ಮಿ’ಯನ್ನು ‘ಎಸ್ ಎಲ್’ ಮಾಡಿ ಮುಂದೆ ಹೋಗುವುದು ಅವರಿಗೆ ಸುಲಭ. ಹಾಳೆ ಕೊಟ್ಟು, ಪಕ್ಕದಲ್ಲೇ ಕೂತು, ಕಳಿಸುವ ಮೊದಲು ಪರದೆಯ ಮೇಲೆ ಒಂದೊಂದೇ ಅಕ್ಷರ ನೀವೇ ಓದಿ. ಸಹಿ ನಿಮ್ಮದು, ಜವಾಬ್ದಾರಿಯೂ ನಿಮ್ಮದೇ ಅಲ್ವಾ.

ಎರಡು ಖಾನೆಯ ಫಾರ್ಮ್‌ಗಳು

ಇವು ಸುಲಭ, ಪಾಸ್‌ಪೋರ್ಟ್‌ನ ಎರಡು ಸಾಲನ್ನು ಹಾಗೇ ಎತ್ತಿ ಹಾಕಿದರಾಯಿತು. ಅಮೆರಿಕದ ಪ್ರವಾಸಿ, ವಿದ್ಯಾರ್ಥಿ, ಕೆಲಸದ ವೀಸಾಕ್ಕೆ ತುಂಬುವ ಡಿಎಸ್-160, ವಲಸೆ ವೀಸಾದ ಡಿಎಸ್-260, ಎರಡರಲ್ಲೂ ಸರ್‌ನೇಮ್ ಮತ್ತು ಗಿವನ್ ನೇಮ್ ಮಾತ್ರ. ಮಿಡಲ್ ನೇಮ್ ಖಾನೆ ಎಲ್ಲಿ ಅಂತ ಹುಡುಕಬೇಡಿ. ಚೈತ್ರ, ಸಾಯಿ, ಲಕ್ಷ್ಮಿ ಮೂರನ್ನೂ ಗಿವನ್ ನೇಮ್ ಖಾನೆಯಲ್ಲಿ ನಡುವೆ ಒಂದೊಂದು ಜಾಗ ಬಿಟ್ಟು ಬರೆಯಿರಿ. ಅಲ್ಪವಿರಾಮ ಬೇಡ, ಚುಕ್ಕೆ ಬೇಡ.

ಕೆನಡಾ ಅರ್ಜಿಗಳಲ್ಲೂ ಫ್ಯಾಮಿಲಿ ನೇಮ್, ಗಿವನ್ ನೇಮ್ಸ್ ಎಂದು ಎರಡೇ. ಇನಿಷಿಯಲ್ ಬಳಸಬೇಡಿ ಎಂದು ಅವರ ಮಾರ್ಗಸೂಚಿಯೇ ಹೇಳುತ್ತದೆ. ಯುರೋಪಿನ ಷೆಂಗೆನ್ ವೀಸಾ ಫಾರ್ಮ್‌ನಲ್ಲಿ ಮೂರು ಖಾನೆ ಕಾಣುತ್ತವೆ, ಅಲ್ಲಿ ಬಹಳ ಜನ ಎಡವುತ್ತಾರೆ. ಒಂದನೆಯದು ಸರ್‌ನೇಮ್, ಎರಡನೆಯದು ಹುಟ್ಟಿದಾಗಿನ ಸರ್‌ನೇಮ್, ಮೂರನೆಯದು ಗಿವನ್ ನೇಮ್. ನಡುವೆ ಇದೆಯಲ್ಲ ಅಂತ ಎರಡನೆಯದರಲ್ಲಿ ಮಿಡಲ್ ನೇಮ್ ತುಂಬಬೇಡಿ. ಅದು ಮದುವೆಗೆ ಮುಂಚೆ ಅಥವಾ ಹೆಸರು ಬದಲಾಯಿಸುವುದಕ್ಕೆ ಮುಂಚೆ ಇದ್ದ ಸರ್‌ನೇಮ್‌ಗೆ.

ಮೂರು ಖಾನೆ ಬಂದಾಗ

ಅಮೆರಿಕದ ವಲಸೆ ಇಲಾಖೆಗೆ ನೇರವಾಗಿ ಹೋಗುವ ಫಾರ್ಮ್‌ಗಳು ಬೇರೆ ಥರ. ಸಂಬಂಧಿಕರಿಗಾಗಿ ಹಾಕುವ ಐ-130, ಗ್ರೀನ್ ಕಾರ್ಡ್‌ಗೆ ಐ-485, ಕೆಲಸದ ಅನುಮತಿಗೆ ಐ-765, ಪೌರತ್ವಕ್ಕೆ ಎನ್-400. ಇವುಗಳಲ್ಲಿ ಫ್ಯಾಮಿಲಿ ನೇಮ್, ಗಿವನ್ ನೇಮ್, ಮಿಡಲ್ ನೇಮ್ ಎಂದು ಮೂರು ಖಾನೆ. ಇಲ್ಲಿನ ಗಿವನ್ ನೇಮ್ ಎಂದರೆ ಮೊದಲ ಹೆಸರು ಮಾತ್ರ. ಪಾಸ್‌ಪೋರ್ಟ್‌ನಲ್ಲಿ ಅದೇ ಗಿವನ್ ನೇಮ್ ಎಂದರೆ ಮೊದಲ ಹೆಸರು, ಮಿಡಲ್ ನೇಮ್ ಎರಡೂ. ಗೊಂದಲ ಹುಟ್ಟುವುದು ಇಲ್ಲೇ.

ಮಿಡಲ್ ನೇಮ್ ಎರಡಿದ್ದರೂ ಮೂರಿದ್ದರೂ ಎಲ್ಲವೂ ಆ ಒಂದೇ ಖಾನೆಗೆ ಹೋಗುತ್ತವೆ. ‘ಸಾಯಿ ಲಕ್ಷ್ಮಿ’, ನಡುವೆ ಒಂದು ಜಾಗ, ಅಷ್ಟೇ. ಪಾಸ್‌ಪೋರ್ಟ್‌ನಲ್ಲಿ ಇರುವ ಕ್ರಮ ಬದಲಾಯಿಸಬೇಡಿ. ಎರಡನ್ನೂ ಅಂಟಿಸಿ ‘ಸಾಯಿಲಕ್ಷ್ಮಿ’ ಮಾಡಬೇಡಿ. ಪಾಸ್‌ಪೋರ್ಟ್‌ನಲ್ಲಿ ಇಲ್ಲದ ಅಡ್ಡಗೆರೆಯನ್ನು ನಡುವೆ ಹಾಕಬೇಡಿ. ಜಾಗ ಸಾಲುವುದಿಲ್ಲ ಅಂತ ಒಂದನ್ನು ಬಿಡಬೇಡಿ, ಒಂದೇ ಅಕ್ಷರಕ್ಕೂ ಇಳಿಸಬೇಡಿ. ಖಾನೆಯಲ್ಲಿ ನಿಜವಾಗಿಯೂ ಹಿಡಿಸದಿದ್ದರೆ, ಹಿಡಿಸಿದಷ್ಟು ಅಲ್ಲಿ ಬರೆದು, ಫಾರ್ಮ್‌ನ ಕೊನೆಯಲ್ಲಿರುವ ಹೆಚ್ಚುವರಿ ಮಾಹಿತಿ ಭಾಗಕ್ಕೆ ಹೋಗಿ. ಅಲ್ಲಿ ಪುಟ ಸಂಖ್ಯೆ, ಭಾಗದ ಸಂಖ್ಯೆ, ಪ್ರಶ್ನೆಯ ಸಂಖ್ಯೆ ಬರೆಯಲು ಜಾಗವಿದೆ. ಆ ಮೂರನ್ನೂ ತುಂಬಿ, ಕೆಳಗೆ ಪೂರ್ತಿ ಹೆಸರು ಬರೆಯಿರಿ.

ಈಗ ಸ್ವಲ್ಪ ಕಷ್ಟದ ಸಂದರ್ಭ. ನಮ್ಮಲ್ಲಿ ಕರೆಯುವ ಹೆಸರು ಬಹಳ ಸಲ ಕೊನೆಗೆ ಇರುತ್ತದೆ. ಪಾಸ್‌ಪೋರ್ಟ್‌ನಲ್ಲಿ ‘ವೆಂಕಟ ಸಾಯಿ ಕಿರಣ್’ ಎಂದಿದೆ, ಎಲ್ಲರೂ ಕರೆಯುವುದು ಕಿರಣ್. ಮೊದಲ ಪದ ಮೊದಲ ಹೆಸರು ಎಂಬ ಲೆಕ್ಕದಲ್ಲಿ ತುಂಬಿದರೆ ಫಸ್ಟ್ ನೇಮ್ ವೆಂಕಟ, ಮಿಡಲ್ ನೇಮ್ ಸಾಯಿ ಕಿರಣ್. ತಪ್ಪಲ್ಲ. ಆದರೆ ಅಲ್ಲಿಂದ ಮುಂದೆ ಅವರು ಅಮೆರಿಕದ ಆಸ್ಪತ್ರೆ, ಬ್ಯಾಂಕ್, ಸಂಬಳದ ಚೀಟಿ ಎಲ್ಲದರಲ್ಲೂ ವೆಂಕಟ ಆಗಿಬಿಡುತ್ತಾರೆ, ಕಿರಣ್ ಒಂದು ಅಕ್ಷರಕ್ಕೆ ಇಳಿಯುತ್ತದೆ ಅಥವಾ ಕಾಣೆಯಾಗುತ್ತದೆ. ದುಡಿಯುವವರ ಸಂಬಳ, ಪಿಂಚಣಿ ಲೆಕ್ಕ ಇಡುವ ಅಲ್ಲಿನ ಸೋಷಿಯಲ್ ಸೆಕ್ಯುರಿಟಿ ಆಡಳಿತ ಮಿಡಲ್ ನೇಮನ್ನು ಕಾನೂನಿನ ಹೆಸರಿನ ಭಾಗವೆಂದೇ ಎಣಿಸುವುದಿಲ್ಲ.

ಇಂಥವರು ಮೂರೂ ಪದವನ್ನು ಫಸ್ಟ್ ನೇಮ್ ಖಾನೆಯಲ್ಲೇ ‘ವೆಂಕಟ ಸಾಯಿ ಕಿರಣ್’ ಎಂದು ಬರೆದು ಮಿಡಲ್ ನೇಮನ್ನು ಬಿಡುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಪಾಸ್‌ಪೋರ್ಟ್‌ನ ಗಿವನ್ ನೇಮ್ ಸಾಲಿಗೆ ಅದು ಅಕ್ಷರಶಃ ಹೊಂದುತ್ತದೆ, ಹೆಸರೂ ಒಡೆಯುವುದಿಲ್ಲ. ಆದರೆ ಇದನ್ನು ಮೊದಲ ಅರ್ಜಿಯಲ್ಲೇ ನಿರ್ಧರಿಸಬೇಕು. ಐ-130ರಲ್ಲಿ ಒಡೆದು ಬರೆದು, ಐ-485ರಲ್ಲಿ ಒಟ್ಟಿಗೆ ಬರೆದು, ಐ-765ರಲ್ಲಿ ಸಾಯಿ ಬಿಟ್ಟುಬಿಟ್ಟರೆ ಕಡತಗಳು ಒಂದಕ್ಕೊಂದು ಕೂಡುವುದಿಲ್ಲ. ಈಗಾಗಲೇ ಒಂದು ಅರ್ಜಿ ಹೋಗಿದ್ದರೆ ಅದರಲ್ಲಿ ಹೇಗೆ ಬರೆದಿದ್ದೀರೋ ಹಾಗೇ ಮುಂದುವರಿಸಿ. ಎರಡರಲ್ಲಿ ಯಾವುದು ಸರಿ ಅನ್ನುವುದಕ್ಕಿಂತ ಎಲ್ಲ ಕಡೆ ಒಂದೇ ಇದೆಯಾ ಅನ್ನುವುದು ದೊಡ್ಡದು.

ಮಿಡಲ್ ನೇಮ್ ಇಲ್ಲದವರು ಖಾನೆ ತುಂಬಬೇಕು ಅಂತ ಸುಮ್ನೆ ಅಪ್ಪನ ಹೆಸರನ್ನು ಅಲ್ಲಿ ಸೇರಿಸುವುದುಂಟು. ಅಪ್ಪನ ಹೆಸರು ಪಾಸ್‌ಪೋರ್ಟ್‌ನ ಗಿವನ್ ನೇಮ್ ಸಾಲಿನಲ್ಲಿ ಇದ್ದರೆ ಮಾತ್ರ ಅದು ನಿಮ್ಮ ಮಿಡಲ್ ನೇಮ್. ಕೊನೆಯ ಪುಟದಲ್ಲಿ ತಂದೆಯ ಹೆಸರು ಅಂತ ಅಚ್ಚಾಗಿದ್ದರೆ ಅದು ತಂದೆಯ ಹೆಸರು, ಅಷ್ಟೇ. ಹಾಗೆಯೇ ಶ್ರೀ, ಶ್ರೀಮತಿ, ಡಾಕ್ಟರ್, ‘ಸನ್ ಆಫ್’, ‘ವೈಫ್ ಆಫ್’ ಇವು ಯಾವುವೂ ಹೆಸರಿನ ಖಾನೆಯೊಳಗೆ ಬರಬಾರದು.

ಸರ್‌ನೇಮ್ ಸಾಲು ಖಾಲಿ ಇದ್ದರೆ

ನಮ್ಮ ಕಡೆ ಇದು ತೀರಾ ಸಾಮಾನ್ಯ. ‘ರಂಗಸ್ವಾಮಿ’ ಅಂತ ಗಿವನ್ ನೇಮ್ ಸಾಲಿನಲ್ಲಿ ಬರೆದು ಸರ್‌ನೇಮ್ ಖಾಲಿ ಬಿಟ್ಟ ಪಾಸ್‌ಪೋರ್ಟ್ ಎಷ್ಟೋ ಮನೆಗಳಲ್ಲಿದೆ. ಅಮೆರಿಕದ ಡಿಎಸ್-160ರಲ್ಲಿ ಅಂಥವರು ಇಡೀ ಹೆಸರನ್ನು ಸರ್‌ನೇಮ್ ಖಾನೆಗೆ ಹಾಕಿ, ಗಿವನ್ ನೇಮ್ ಖಾನೆಯಲ್ಲಿ ‘ಎಫ್‌ಎನ್‌ಯು’ ಎಂದು ಬರೆಯಬೇಕು. ಮೊದಲ ಹೆಸರು ತಿಳಿದಿಲ್ಲ ಎಂಬುದಕ್ಕೆ ಅವರು ಇಟ್ಟಿರುವ ಗುರುತು ಅದು. ವೀಸಾ ಮೇಲೂ ಅದೇ ಅಚ್ಚಾಗುತ್ತದೆ. ಆಮೇಲೆ ಡ್ರೈವಿಂಗ್ ಲೈಸೆನ್ಸ್‌ಗೂ ಬ್ಯಾಂಕಿಗೂ ಅದೇ ಹಿಂಬಾಲಿಸುತ್ತದೆ, ಅಪರಿಚಿತರು ಆ ಮೂರಕ್ಷರವನ್ನೇ ನಿಮ್ಮ ಹೆಸರು ಎಂದು ಕರೆಯುತ್ತಾರೆ. ಕೆನಡಾ ಅರ್ಜಿಯಲ್ಲಿ ಇದೇ ವ್ಯಕ್ತಿ ಇಡೀ ಹೆಸರನ್ನು ಫ್ಯಾಮಿಲಿ ನೇಮ್ ಖಾನೆಗೆ ಹಾಕಿ ಗಿವನ್ ನೇಮ್ ಖಾಲಿ ಬಿಡಬೇಕು. ಒಂದೇ ಪಾಸ್‌ಪೋರ್ಟ್, ಎರಡು ದೇಶ, ಎರಡು ನಿಯಮ.

ಕೊಲ್ಲಿಗೆ ಹೋಗುವವರೂ ಎಚ್ಚರವಾಗಿರಬೇಕು. 2022ರ ನವೆಂಬರ್ 21ರಿಂದ ಯುಎಇ ದೇಶ ಒಂಟಿ ಹೆಸರಿನ ಪಾಸ್‌ಪೋರ್ಟ್ ಇರುವ ಪ್ರವಾಸಿಗರಿಗೆ, ಭೇಟಿ ವೀಸಾದವರಿಗೆ ತಡೆ ಹಾಕಿತು. ಪಾಸ್‌ಪೋರ್ಟ್‌ನ ಎರಡನೆಯ ಪುಟದಲ್ಲಿ ತಂದೆಯ ಅಥವಾ ಮನೆತನದ ಹೆಸರು ಇದ್ದರೆ ಬಿಡುತ್ತೇವೆ ಎಂದು ಆಮೇಲೆ ಸ್ಪಷ್ಟನೆ ಬಂತು. ಇಷ್ಟೆಲ್ಲ ಅನುಮಾನದಲ್ಲಿ ಹೊರಡುವ ಬದಲು ಸರ್‌ನೇಮ್ ಸೇರಿಸಿ ಪಾಸ್‌ಪೋರ್ಟ್ ಮರುವಿತರಣೆ ಮಾಡಿಸಿಕೊಳ್ಳುವುದೇ ವಾಸಿ. ಸಮಯ ಇರುವವರು ದಯವಿಟ್ಟು ಮೊದಲು ಅದನ್ನು ಮಾಡಿ.

ಬಳಸಿದ ಬೇರೆ ಹೆಸರುಗಳು

ಬಹುತೇಕ ಎಲ್ಲ ಅರ್ಜಿಗಳೂ ‘ನೀವು ಬೇರೆ ಯಾವ ಹೆಸರು ಬಳಸಿದ್ದೀರಿ’ ಎಂದು ಕೇಳುತ್ತವೆ. ನಮ್ಮವರು ಈ ಪ್ರಶ್ನೆಗೆ ಹೆದರಿ ‘ಇಲ್ಲ’ ಎಂದು ಒತ್ತಿಬಿಡುತ್ತಾರೆ, ಬೇರೆ ಹೆಸರು ಇದ್ದರೆ ಏನೋ ಮುಚ್ಚಿಟ್ಟಂತೆ ಆಗುತ್ತದೆ ಅಂತ. ಆದರೆ ಅದನ್ನು ಬರೆದರೇ ಮುಚ್ಚುಮರೆ ಇಲ್ಲ ಅಂತ ಆಗುವುದು. ಮುಂದೆ ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡ್ ಕೊಟ್ಟಾಗ ಅದರಲ್ಲಿ ‘ಚೈತ್ರ ಎನ್.’ ಇದ್ದರೆ, ಈ ಖಾನೆಯಲ್ಲಿ ಮೊದಲೇ ಬರೆದದ್ದು ನಿಮ್ಮ ಕಡೆ ಸಾಕ್ಷಿಯಾಗುತ್ತದೆ.

ಏನೇನು ಬರೆಯಬೇಕು? ಮದುವೆಗೆ ಮುಂಚಿನ ಹೆಸರು. ಮಾರ್ಕ್ಸ್ ಕಾರ್ಡಿನ ಇನಿಷಿಯಲ್ ಇರುವ ಹೆಸರು. ಹಳೆಯ ಪಾಸ್‌ಪೋರ್ಟ್‌ನಲ್ಲಿ ಕಾಗುಣಿತ ಬೇರೆ ಇದ್ದರೆ ಅದು. ಗೆಜೆಟ್‌ನಲ್ಲಿ ಹೆಸರು ಬದಲಾಯಿಸಿದ್ದರೆ ಹಿಂದಿನದು. ಅಮೆರಿಕದ ವಲಸೆ ಫಾರ್ಮ್‌ಗಳು ಅಡ್ಡಹೆಸರನ್ನೂ ಕೇಳುತ್ತವೆ. ಊರೆಲ್ಲ ನಿಮ್ಮನ್ನು ಗುರುತಿಸುವುದು ಇನ್ನೊಂದು ಹೆಸರಿನಿಂದ ಎಂದಾದರೆ ಅದನ್ನೂ ಸೇರಿಸಿ.

ಹೆಣ್ಣುಮಕ್ಕಳಿಗೆ ಒಂದು ಮಾತು ಹೇಳಲೇಬೇಕು. ಮದುವೆಯಾದ ಮಾತ್ರಕ್ಕೆ ಹೆಸರು ತಾನಾಗಿ ಬದಲಾಗುವುದಿಲ್ಲ, ಬದಲಾಯಿಸಲೇಬೇಕು ಎಂಬ ಕಾನೂನೂ ಇಲ್ಲ. ಪಾಸ್‌ಪೋರ್ಟ್‌ನಲ್ಲಿ ಅಪ್ಪನ ಹೆಸರೇ ಸರ್‌ನೇಮ್ ಆಗಿದ್ದರೆ ಅರ್ಜಿಯಲ್ಲೂ ಅದನ್ನೇ ಬರೆಯಿರಿ. ಗಂಡನ ಕಡೆಯವರು ಹೇಳಿದರು ಅಂತ ವೀಸಾ ಫಾರ್ಮ್‌ನಲ್ಲಿ ಮಾತ್ರ ಗಂಡನ ಹೆಸರು ಸೇರಿಸಿದರೆ ಆ ಅರ್ಜಿ ಪಾಸ್‌ಪೋರ್ಟ್‌ಗೆ ಹೊಂದುವುದಿಲ್ಲ. ಸಂಬಂಧ ತೋರಿಸುವುದಕ್ಕೆ ಮದುವೆ ನೋಂದಣಿ ಪತ್ರ ಇದೆ.

ದಾಖಲೆಗಳಲ್ಲಿ ವ್ಯತ್ಯಾಸ ಜಾಸ್ತಿ ಇದ್ದರೆ, ಈ ಎಲ್ಲ ಹೆಸರುಗಳೂ ಒಬ್ಬರವೇ ಎಂದು ಸ್ಟಾಂಪ್ ಪೇಪರ್ ಮೇಲೆ ಅಫಿಡವಿಟ್ ಮಾಡಿಸಿ ನೋಟರಿ ಹತ್ತಿರ ಸಹಿ ಹಾಕಿಸಿ ಇಟ್ಟುಕೊಳ್ಳಿ. ಪ್ರತಿ ಹೆಸರಿನ ಮುಂದೆ ಅದು ಯಾವ ದಾಖಲೆಯಲ್ಲಿದೆ ಎಂದು ನಮೂದಿಸಿ. ‘ವಿವಿಧ ಹೆಸರುಗಳಿಂದ ಕರೆಯಲ್ಪಡುವ’ ಎಂಬ ಒಂದೇ ಸಾಲು ಯಾರಿಗೂ ಉಪಯೋಗವಿಲ್ಲ.

ಕನ್ನಡದಲ್ಲಿ ಬರೆಯುವ ಖಾನೆಯೂ ಇದೆ

ಡಿಎಸ್-160ರಲ್ಲಿ ಪೂರ್ತಿ ಹೆಸರನ್ನು ನಿಮ್ಮ ಭಾಷೆಯ ಲಿಪಿಯಲ್ಲಿ ಬರೆಯಿರಿ ಎಂದು ಒಂದು ಖಾನೆ ಇದೆ. ಐ-130ರಲ್ಲೂ ಫಲಾನುಭವಿಯ, ಅಂದರೆ ಯಾರಿಗಾಗಿ ಅರ್ಜಿಯೋ ಅವರ ಹೆಸರು, ವಿಳಾಸವನ್ನು ಅವರ ಲಿಪಿಯಲ್ಲಿ ಬರೆಯಲು ಜಾಗವಿದೆ. ಡಿಎಸ್-160ರಲ್ಲಿ ‘ಅನ್ವಯಿಸುವುದಿಲ್ಲ’ ಎಂದು ಗುರುತು ಹಾಕಿ ಮುಂದೆ ಹೋಗುವವರೇ ಜಾಸ್ತಿ. ಫೋನಿನಲ್ಲಿ ಕನ್ನಡ ಟೈಪ್ ಮಾಡಲು ಬರುತ್ತದೆ ಎಂದಾದಮೇಲೆ ಇಲ್ಲಿ ಯಾಕೆ ಬಿಡಬೇಕು? ‘ಚೈತ್ರ ಸಾಯಿ ಲಕ್ಷ್ಮಿ ನಾರಾಯಣಸ್ವಾಮಿ’ ಎಂದು ಕನ್ನಡದಲ್ಲಿ ಬರೆಯಿರಿ.

ಟಿಕೆಟ್, ಪರೀಕ್ಷೆ, ಕಾಲೇಜು

ಐಇಎಲ್‌ಟಿಎಸ್, ಟೋಫೆಲ್, ಜಿಆರ್‌ಇಗೆ ನೋಂದಾಯಿಸುವಾಗಲೂ ಪಾಸ್‌ಪೋರ್ಟ್ ಹೆಸರೇ. ವಿದ್ಯಾರ್ಥಿ ವೀಸಾಕ್ಕೆಂದು ಅಮೆರಿಕದ ಕಾಲೇಜು ಕಳಿಸುವ ಐ-20 ಪತ್ರದಲ್ಲಿ ಸರ್‌ನೇಮ್, ಗಿವನ್ ನೇಮ್ ಜೊತೆಗೆ ಪಾಸ್‌ಪೋರ್ಟ್ ಹೆಸರು ಎಂದು ಬೇರೆ ಸಾಲೂ ಇರುತ್ತದೆ. ಬಂದ ಕೂಡಲೇ ಮೂರನ್ನೂ ನೋಡಿ. ತಪ್ಪಿದ್ದರೆ ವೀಸಾ ಅರ್ಜಿ ಹಾಕುವ ಮೊದಲೇ ಕಾಲೇಜಿಗೆ ಬರೆದು ಸರಿಮಾಡಿಸಿ.

ವಿಮಾನದ ಟಿಕೆಟ್‌ನಲ್ಲಿ ಮಿಡಲ್ ನೇಮ್ ಖಾನೆ ಇಲ್ಲದಿದ್ದರೆ ಎಲ್ಲ ಹೆಸರನ್ನೂ ಫಸ್ಟ್ ನೇಮ್ ಖಾನೆಗೆ ಹಾಕಿ. ಬೋರ್ಡಿಂಗ್ ಪಾಸ್ ಮೇಲೆ ಅವು ಅಂಟಿಕೊಂಡು ಒಂದೇ ಪದವಾಗಿ ಬಂದರೆ ಚಿಂತೆ ಬೇಡ, ಅದು ಅವರ ಯಂತ್ರದ ರೀತಿ. ಸರ್‌ನೇಮ್ ಮತ್ತು ಗಿವನ್ ನೇಮ್ ಅದಲುಬದಲಾಗಿದ್ದರೆ ಮಾತ್ರ ಕೂಡಲೇ ಸರಿಮಾಡಿಸಿ.

ಅರ್ಜಿ ಹೋದ ಮೇಲೆ

ಡಿಎಸ್-160 ಕಳಿಸಿದ ಮೇಲೆ ಹೆಸರಿನಲ್ಲಿ ತಪ್ಪು ಕಂಡರೆ ಹೊಸದಾಗಿ ಇನ್ನೊಂದು ತುಂಬಿ. ಹೊಸ ದೃಢೀಕರಣ ಪುಟದ ಬಾರ್‌ಕೋಡ್ ಸಂಖ್ಯೆಯನ್ನು ಅಪಾಯಿಂಟ್‌ಮೆಂಟ್ ಖಾತೆಯಲ್ಲೂ ಬದಲಾಯಿಸಬೇಕು. ಇದನ್ನು ಮರೆತು ಚೆನ್ನೈವರೆಗೆ ಹೋದರೆ ಹೋದ ದಾರಿಯಲ್ಲೇ ವಾಪಸ್ ಬರಬೇಕಾದೀತು. ವೀಸಾ ಅಂಟಿಸಿದ ಪಾಸ್‌ಪೋರ್ಟ್ ಕೈಗೆ ಬಂದ ದಿನವೇ ಹೆಸರಿನ ಒಂದೊಂದು ಅಕ್ಷರ ಓದಿ ನೋಡಿ.

ಅಮೆರಿಕದ ವಲಸೆ ಇಲಾಖೆಗೆ ಅರ್ಜಿ ಹಾಕಿದವರಿಗೆ ಮೊದಲು ಸ್ವೀಕೃತಿ ಪತ್ರ ಬರುತ್ತದೆ. ಅದರಲ್ಲಿ ಹೆಸರು ತಪ್ಪಾಗಿದ್ದರೆ ಇಲಾಖೆಯ ಜಾಲತಾಣದಲ್ಲೇ ಅಚ್ಚಿನ ತಪ್ಪು ಸರಿಮಾಡಲು ಕೋರಿಕೆ ಸಲ್ಲಿಸಬಹುದು. ಈ ಹಂತದಲ್ಲಿ ಅದು ಸಣ್ಣ ಕೆಲಸ. ಗ್ರೀನ್ ಕಾರ್ಡ್ ಅಚ್ಚಾದ ಮೇಲಾದರೆ ಐ-90 ಫಾರ್ಮ್ ಹಾಕಬೇಕು. ತಪ್ಪು ಇಲಾಖೆಯದೇ ಎಂದು ತೋರಿಸಿದರೆ ಅದಕ್ಕೆ ಶುಲ್ಕವಿಲ್ಲ, ನೀವೇ ತಪ್ಪು ಬರೆದಿದ್ದರೆ ಶುಲ್ಕ ಕಟ್ಟಬೇಕು. ಅದಕ್ಕೇ ಕಳಿಸಿದ ಪ್ರತಿ ಅರ್ಜಿಯ ಜೆರಾಕ್ಸ್ ಇಟ್ಟುಕೊಳ್ಳಿ, ನೀವು ಸರಿಯಾಗಿ ಬರೆದಿದ್ದೀರಿ ಎಂಬುದಕ್ಕೆ ಅದೇ ಪುರಾವೆ. ಉದ್ದ ಹೆಸರು ಅಲ್ಲಿನ ಬದುಕಿಗೆ ಕಷ್ಟ ಅನ್ನಿಸಿ ಮೊಟಕು ಮಾಡಿಕೊಳ್ಳಲು ಬಯಸುವವರಿಗೆ ಪೌರತ್ವದ ಎನ್-400 ಅರ್ಜಿಯಲ್ಲೇ ಹೆಸರು ಬದಲಾವಣೆ ಕೇಳುವ ಅವಕಾಶವಿದೆ.

ಅಮೆರಿಕದಲ್ಲಿ ಇಳಿದ ಮೇಲೆ ಐ-94 ಎಂಬ ಪ್ರವೇಶ ದಾಖಲೆಯನ್ನು ಜಾಲತಾಣದಿಂದ ಇಳಿಸಿಕೊಳ್ಳಬೇಕು. ಎರಡು ಮೂರು ಹೆಸರಿನವರಿಗೆ ಅಲ್ಲಿ ‘ದಾಖಲೆ ಸಿಗಲಿಲ್ಲ’ ಎಂದು ಬರುವುದು ಮಾಮೂಲು. ಆಗ ಫಸ್ಟ್ ನೇಮ್ ಖಾನೆಯಲ್ಲಿ ಮೊದಲ ಹೆಸರಿನ ಜೊತೆಗೇ, ಒಂದು ಜಾಗ ಬಿಟ್ಟು, ಮಿಡಲ್ ನೇಮ್‌ಗಳನ್ನೂ ಬರೆದು ಹುಡುಕಿ: ‘ಚೈತ್ರ ಸಾಯಿ ಲಕ್ಷ್ಮಿ’. ಸಿಕ್ಕಿದ ಮೇಲೆ ಹೆಸರು, ಹುಟ್ಟಿದ ದಿನ, ವೀಸಾ ಬಗೆ, ಎಷ್ಟು ದಿನದವರೆಗೆ ಇರಬಹುದು ಎಂಬುದನ್ನು ನೋಡಿ. ತಪ್ಪಿದ್ದರೆ ಆ ವಿಮಾನ ನಿಲ್ದಾಣದ ಕಸ್ಟಮ್ಸ್ ಕಚೇರಿಗೋ ಹತ್ತಿರದ ಪರಿಶೀಲನಾ ಕೇಂದ್ರಕ್ಕೋ ಪಾಸ್‌ಪೋರ್ಟ್ ತೆಗೆದುಕೊಂಡು ಹೋಗಿ ಸರಿಮಾಡಿಸಿ, ಆಮೇಲೆ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆಗೆ ಅರ್ಜಿ ಹಾಕಿ.